ರಾಗಿ ಕೊಯ್ಲಿನಿಂದ ಹುಲ್ಲಿನ ಬಣವೆಯವರೆಗೆ: ಚಳಿಗಾಲದ ಹೊಲ, ಕಣದ ಕೆಲಸಗಳನ್ನು ಮಾಡುವ ಕ್ರಮ

ದೀಪಾವಳಿ ಕಳೆದು ಬೆಳಗಿನ ಇಬ್ಬನಿ ದಟ್ಟವಾಗುತ್ತಿದ್ದಂತೆ ತುಮಕೂರು, ಹಾಸನ, ಮಂಡ್ಯ, ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಜಿಲ್ಲೆಗಳ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ ತೆನೆ ಕಂದುಬಣ್ಣಕ್ಕೆ ತಿರುಗುತ್ತದೆ. ಅದರೊಂದಿಗೆ ಓದುಗರ ಪ್ರಶ್ನೆಗಳೂ ಬರತೊಡಗುತ್ತವೆ. ತೆನೆ ಯಾವ ಹದಕ್ಕೆ ಬಂದಾಗ ಕೊಯ್ಯಬೇಕು, ಕೊಯ್ದ ಪೈರು ಎಷ್ಟು ದಿನ ಹೊಲದಲ್ಲಿ ಒಣಗಬೇಕು, ಮೆದೆ, ಅಂದರೆ ತೆನೆಸಹಿತ ಕಟ್ಟುಗಳ ಪೇರಿಕೆ, ಒಳಗೆ ನೀರು ಇಳಿಯದಂತೆ ಹೇಗೆ ಹಾಕಬೇಕು, ನಡುವೆ ಮಳೆ ಬಂದರೆ ಏನು ಮಾಡಬೇಕು ಎಂಬ ಇವೇ ನಾಲ್ಕು ಪ್ರಶ್ನೆಗಳನ್ನು, ನಗರದಿಂದ ಊರಿಗೆ ಮರಳಿ ಬೇಸಾಯಕ್ಕೆ ಇಳಿದವರೂ, ಮನೆಯ ಹಿರಿಯರು ಇಲ್ಲವಾದ ಮೇಲೆ ಮೊದಲ ಬಾರಿಗೆ ಈ ಕೆಲಸದ ಹೊಣೆ ಹೊತ್ತವರೂ ಮತ್ತೆ ಮತ್ತೆ ಕೇಳುತ್ತಾರೆ. ಆ ಕಾರಣಕ್ಕೆ ಇಡೀ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಒಂದೆಡೆ ಬರೆದಿದ್ದೇನೆ.

ಒಂದು ಸಂಗತಿಯನ್ನು ಆರಂಭದಲ್ಲೇ ಸ್ಪಷ್ಟಪಡಿಸಬೇಕು. ರಾಗಿ ಗಟ್ಟಿ ಧಾನ್ಯ. ಹುಳು ಹಿಡಿಯುವುದು ಅಪರೂಪ, ಸರಿಯಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಕೊಯ್ಲಿನಿಂದ ಕಾಳು ಮನೆ ಸೇರುವವರೆಗಿನ ಅವಧಿಯಲ್ಲಿ ಅದನ್ನು ಕೆಡಿಸುವುದು ತೇವ. ಒಳಗೆ ಹಸಿ ಉಳಿದಿರುವಾಗಲೇ ಮೇಲಿನಿಂದ ಮುಚ್ಚಿಬಿಡುವ ಅವಸರದಿಂದಲೇ ಕಾಳು ಕಪ್ಪಾಗುವುದು, ಹುಲ್ಲು ಬೂಷ್ಟು ಹಿಡಿಯುವುದು, ಬಣವೆ ಬಿಸಿಯೇರುವುದು ಎಲ್ಲವೂ ಸಂಭವಿಸುತ್ತವೆ. ಮುಂದಿನ ಹಂತಗಳಲ್ಲಿ ‘ಕಾಯಿರಿ’ ಎಂದು ಹೇಳಿರುವ ಕಡೆಗಳಲ್ಲೆಲ್ಲ ದಯವಿಟ್ಟು ಕಾಯಿರಿ.

ಮೊದಲು ಸಿದ್ಧಪಡಿಸಿಕೊಳ್ಳಬೇಕಾದವು

ಹರಿತವಾದ ಕುಡುಗೋಲುಗಳು, ಸಾಣೆಕಲ್ಲು, ಕವೆಗೋಲು (ಹುಲ್ಲು ಎತ್ತಿ ತಿರುವಿಹಾಕಲು ಬಳಸುವ, ತುದಿ ಕವಲೊಡೆದ ಕೋಲು), ಮೊರ, ಜರಡಿ, ಪೊರಕೆ, ಹಗ್ಗ ಮತ್ತು ತೂತಿಲ್ಲದ ಎರಡು ಟಾರ್ಪಾಲುಗಳು ಕೈಗೆ ಸಿಗುವಂತಿರಲಿ. ಟಾರ್ಪಾಲನ್ನು ಕೊಯ್ಲಿಗೆ ಮುಂಚೆಯೇ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ. ಇಲಿ ಕಡಿದ ತೂತುಗಳು ಮಳೆಯ ರಾತ್ರಿಯಲ್ಲಿ ಮೊದಲ ಬಾರಿಗೆ ಕಣ್ಣಿಗೆ ಬೀಳಬಾರದು.

ಮೊಣಕಾಲವರೆಗಿನ ಗಂಬೂಟು ಮತ್ತು ಒಳ್ಳೆಯ ಟಾರ್ಚನ್ನು ಈ ಪಟ್ಟಿಯಲ್ಲಿ ಕಡ್ಡಾಯವಾಗಿ ಸೇರಿಸಿ. ಕೊಯ್ದು ಹರಡಿದ ರಾಗಿಯ ಅಡಿಗೆ ಇಲಿಗಳು ಬರುತ್ತವೆ, ಇಲಿಗಳನ್ನು ಅರಸಿ ಹಾವುಗಳು ಬರುತ್ತವೆ. ಒಣಹುಲ್ಲಿನ ಬಣ್ಣದಲ್ಲೇ ಬೆರೆತುಹೋಗುವ ಕೊಳಕುಮಂಡಲ ಹಾವು ಹೆಜ್ಜೆ ಸಪ್ಪಳ ಕೇಳಿದರೂ ಸರಿದುಹೋಗದೆ ಬಿದ್ದಲ್ಲೇ ಇರುವುದರಿಂದ, ಅದನ್ನು ತುಳಿಯುವ ಅಥವಾ ಅದರ ಮೇಲೆಯೇ ಕೈಯಿಡುವ ಅಪಾಯ ಹೆಚ್ಚು. ಹುಲ್ಲಿನ ಅಡಿಗೆ ಕೈ ಹಾಕುವ ಮೊದಲು ಕೋಲಿನಿಂದ ಎತ್ತಿ ನೋಡಿ. ಯಾರಿಗಾದರೂ ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿದು ಕಟ್ಟಬಾರದು, ನಾಟಿ ಔಷಧಿಗಾಗಿ ಹೊತ್ತು ಕಳೆಯಬಾರದು. ಕಚ್ಚಿದ ಭಾಗವನ್ನು ಅಲುಗಾಡಿಸದೆ, 108 ವಾಹನದಲ್ಲಾಗಲಿ ಸಿಕ್ಕ ವಾಹನದಲ್ಲಾಗಲಿ, ವಿಷನಿರೋಧಕ ಚುಚ್ಚುಮದ್ದು ಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಬೇಕು. ನಿಮ್ಮ ಊರಿಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಕೊಯ್ಲು ಆರಂಭಿಸುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಕೊನೆಯದಾಗಿ, ಹವಾಮಾನದ ಮಾಹಿತಿ. ಮುಂಗಾರು ಮುಗಿದರೂ ಮಳೆಗಾಲ ಮುಗಿದಿರುವುದಿಲ್ಲ; ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರಿನ ಅವಧಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ದಕ್ಷಿಣ ಒಳನಾಡಿನಲ್ಲಿ ಮೋಡ ಕವಿದು ದಿನಗಟ್ಟಲೆ ಸೋನೆ ಹಿಡಿಯುತ್ತದೆ. 2021ರ ನವೆಂಬರ್‌ನಲ್ಲಿ ಹೀಗೆ ಬಿಡದೆ ಸುರಿದ ಮಳೆಗೆ ಕಟಾವಿಗೆ ಬಂದಿದ್ದ ರಾಗಿ ತೆನೆಯಲ್ಲೇ ಮೊಳೆತದ್ದನ್ನು ಈ ಭಾಗದ ರೈತರು ಮರೆತಿಲ್ಲ. 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತವೂ ಇಂಥದ್ದೇ ಮಳೆ ತಂದಿತು. ವಿಶಾಖ, ಅನೂರಾಧ ಮಳೆಗಳ ಲೆಕ್ಕ ಹಿರಿಯರಿಗೆ ಗೊತ್ತಿರುತ್ತದೆ, ಅದನ್ನು ಕೇಳಿಕೊಳ್ಳಿ. ಜೊತೆಗೆ ಹವಾಮಾನ ಇಲಾಖೆಯ ‘ಮೇಘದೂತ್’ ಆ್ಯಪ್‌ನಲ್ಲಿ ಅಥವಾ ರಾಜ್ಯದ ‘ವರುಣಮಿತ್ರ’ ಸಹಾಯವಾಣಿಯಲ್ಲಿ ಮುಂದಿನ ಕೆಲವು ದಿನಗಳ ಮುನ್ಸೂಚನೆಯನ್ನು ವಿಚಾರಿಸಿ. ಕೂಲಿಯವರನ್ನು ಗೊತ್ತುಮಾಡುವುದು ಆಮೇಲೆ.

1. ಹದ ನೋಡುವುದು

ಬಿತ್ತಿದ ದಿನದಿಂದ ಎಣಿಸಿದರೆ ಜಿಪಿಯು-28 ತಳಿ ಸುಮಾರು 110ರಿಂದ 115 ದಿನಕ್ಕೆ, ಎಂಆರ್-1ರಂಥ ದೀರ್ಘಾವಧಿ ತಳಿ 120 ದಿನ ದಾಟಿದ ಮೇಲೆ ಕೊಯ್ಲಿಗೆ ಬರುತ್ತದೆ. ಆದರೆ ದಿನಗಳ ಲೆಕ್ಕ ಹೊಲಕ್ಕೆ ಹೋಗಿ ನೋಡಲು ನೆನಪಿಸುವ ಸೂಚನೆ ಮಾತ್ರ. ಹೊಲದ ನಾಲ್ಕೈದು ಕಡೆಗಳಿಂದ ಒಂದೊಂದು ತೆನೆ ಕಿತ್ತು, ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿ ಉಜ್ಜಿ. ಕಾಳು ಸುಲಭವಾಗಿ ಬಿಟ್ಟುಬಂದು, ಅದರ ಮೇಲೆ ಉಗುರು ಊರಿದರೆ ಗುರುತು ಮೂಡದಿದ್ದರೆ, ಹಲ್ಲಿಗೆ ಹಾಕಿದಾಗ ಕಟಕ್ಕೆಂದು ಒಡೆದರೆ ತೆನೆ ಬಲಿತಿದೆ ಎಂದರ್ಥ. ಉಗುರಿಗೆ ಹಿಟ್ಟಿನಂಥ ತೇವ ಅಂಟಿದರೆ ಇನ್ನೊಂದು ವಾರ ಕಾಯಿರಿ.

ಬುಡದಿಂದ ಒಡೆದ ತೆಂಡೆಗಳ, ಅಂದರೆ ಮರಿಪೈರುಗಳ ತೆನೆಗಳು ಮುಖ್ಯ ತೆನೆಗಿಂತ ತಡವಾಗಿ ಮಾಗುತ್ತವೆ. ಎಲ್ಲವೂ ಒಟ್ಟಿಗೆ ಮಾಗಲೆಂದು ಕಾಯುತ್ತ ಕುಳಿತರೆ ಮೊದಲು ಬಲಿತ ತೆನೆಗಳು ಉದುರುತ್ತವೆ ಮತ್ತು ದಂಟು ಒಣಗಿ ಮೇವಿನ ಗುಣ ಕಳೆದುಕೊಳ್ಳುತ್ತದೆ. ಹೊಲದ ಹೆಚ್ಚಿನ ಪಾಲು ತೆನೆ ಕಂದಾಗಿ, ದಂಟಿನಲ್ಲಿ ಇನ್ನೂ ಸ್ವಲ್ಪ ಹಸಿರು ಉಳಿದಿರುವ ಹೊತ್ತೇ ಕೊಯ್ಲಿಗೆ ತಕ್ಕದ್ದು. ದನಕರು ಇರುವ ಮನೆಯವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಬರುವ ವರ್ಷಕ್ಕೆ ಸ್ವಂತ ಬೀಜ ಉಳಿಸಿಕೊಳ್ಳುವವರು ಅದನ್ನು ಇದೇ ಹಂತದಲ್ಲಿ ಆರಿಸಬೇಕು. ರೋಗವಿಲ್ಲದ, ತುಂಬಿದ, ಒಂದೇ ಎತ್ತರದ ಗಿಡಗಳ ತೆನೆಗಳನ್ನು ಮಾತ್ರ ಕತ್ತರಿಸಿ ಬೇರೆಯಾಗಿ ಒಣಗಿಸಿ. ಕುತ್ತಿಗೆ ಬೆಂಕಿರೋಗ ತಗುಲಿ ತೆನೆಯ ಕೆಳಗಿನ ದಂಟು ಕಪ್ಪಾಗಿರುವ ಗಿಡಗಳಿಂದ ಬೀಜ ತೆಗೆಯಬಾರದು. ಕಣದ ರಾಶಿಯಿಂದ ಬೀಜ ತೆಗೆದಿಡುವವರಿಗೆ ಈ ಆಯ್ಕೆಯೇ ಇರುವುದಿಲ್ಲ.

2. ಕೊಯ್ದು ಅರಿ ಹಾಕುವುದು

ಕುಡುಗೋಲನ್ನು ನೆಲಕ್ಕೆ ಆದಷ್ಟು ಹತ್ತಿರ ಹಿಡಿದು ಕೊಯ್ಯಿರಿ, ಏಕೆಂದರೆ ಬುಡದಲ್ಲಿ ಬಿಟ್ಟ ಪ್ರತಿ ಗೇಣೂ ಬೇಸಿಗೆಯ ಮೇವಿನಲ್ಲಿ ಕಡಿಮೆಯಾಗುತ್ತದೆ. ಕೊಯ್ದ ಹಿಡಿಗಳನ್ನು ಕೂಳೆಯ (ಕೊಯ್ದ ಮೇಲೆ ನೆಲದಲ್ಲಿ ಉಳಿದ ಬುಡದ) ಮೇಲೆ ತೆನೆಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ತೆಳುವಾಗಿ ಸಾಲಾಗಿ ಹಾಕುತ್ತ ಹೋಗುವುದಕ್ಕೆ ‘ಅರಿ ಹಾಕುವುದು’ ಎನ್ನುತ್ತಾರೆ. ಕೂಳೆಯ ಮೇಲೆ ಹಾಕುವುದಕ್ಕೆ ಕಾರಣವಿದೆ: ಪೈರು ನೆಲಕ್ಕೆ ತಾಗದೆ ಅಡಿಯಿಂದಲೂ ಗಾಳಿಯಾಡುತ್ತದೆ. ಒಂದು ಅರಿಯ ತೆನೆಗಳ ಮೇಲೆ ಇನ್ನೊಂದರ ಬುಡ ಬೀಳದಂತೆ ನೋಡಿಕೊಳ್ಳಿ.

ಅಕ್ಕಡಿ ಹಾಕಿದ ಹೊಲದಲ್ಲಿ, ಅಂದರೆ ರಾಗಿಯ ಕೆಲವು ಸಾಲುಗಳಿಗೊಂದರಂತೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತಿರುವಲ್ಲಿ, ಕೊಯ್ಯುವವರಿಗೆ ಅದನ್ನು ಮೊದಲೇ ತೋರಿಸಿಕೊಡಿ. ಅವರೆ ಬಳ್ಳಿ ರಾಗಿಯ ದಂಟಿಗೆ ಸುತ್ತಿಕೊಂಡಿರುತ್ತದೆ. ಒಂದೇ ಬೀಸಿಗೆ ಎರಡನ್ನೂ ಕೊಯ್ದರೆ, ಚಳಿ ಏರಿದಂತೆ ಸೊಗಡು ಕಟ್ಟಿಕೊಂಡು ಬರಬೇಕಿದ್ದ ಅವರೆಕಾಯಿಯ ಇಡೀ ಫಸಲು ಹೋಗುತ್ತದೆ.

ಬಿಸಿಲು ಚೆನ್ನಾಗಿದ್ದರೆ ಅರಿ ಮೂರರಿಂದ ಐದು ದಿನ ಹೊಲದಲ್ಲಿರಲಿ. ಮೋಡವಿದ್ದರೆ ಇನ್ನೂ ಎರಡು ಮೂರು ದಿನ ಹೆಚ್ಚು ಬೇಕಾಗುತ್ತದೆ. ನಡುವೆ ಒಮ್ಮೆ, ಇಬ್ಬನಿ ಆರಿದ ಮೇಲೆ, ತಿರುವಿಹಾಕಿ. ದಂಟಿನ ಗಿಣ್ಣನ್ನು ಬಗ್ಗಿಸಿ ನೋಡಿದಾಗ ಅದು ಮುರಿಯಬೇಕು. ಹೊರಗಿನಿಂದ ಎಲ್ಲ ಒಣಗಿದಂತೆ ಕಂಡರೂ ಗಿಣ್ಣು ಬಾಗಿ ಹಿಂಡಿಕೊಂಡು ನೀರು ಒಸರಿದರೆ ಅದಕ್ಕೆ ಇನ್ನೂ ಬಿಸಿಲು ಬೇಕು. ಅನುಭವವಿಲ್ಲದವರು ಎಲೆ ನೋಡಿ ತೀರ್ಮಾನಿಸುತ್ತಾರೆ. ಎಲೆ ಮೊದಲ ದಿನವೇ ಒಣಗುತ್ತದೆ, ಗಿಣ್ಣು ಕೊನೆಗೆ ಒಣಗುತ್ತದೆ. ನೀವು ನಂಬಬೇಕಾದದ್ದು ಗಿಣ್ಣನ್ನು.

ಯಂತ್ರದ ಕಟಾವಿನ ಬಗ್ಗೆಯೂ ಇಲ್ಲಿಯೇ ಒಂದು ಮಾತು. ಕೂಲಿ ಸಿಗದ ಕಡೆ, ಹೊಲ ದೊಡ್ಡದಾಗಿದ್ದು ಪೈರು ಬಾಗದೆ ನಿಂತಿದ್ದರೆ, ಕಟಾವು ಯಂತ್ರ ಒಂದೇ ದಿನದಲ್ಲಿ ಕೆಲಸ ಮುಗಿಸುತ್ತದೆ. ಆದರೆ ಅಕ್ಕಡಿ ಬೆಳೆ ಉಳಿಯುವುದಿಲ್ಲ, ಹುಲ್ಲು ಮುರಿದು ಹೊಲದಲ್ಲೇ ಚೆಲ್ಲುತ್ತದೆ. ಕಾಳು ಹಸಿಯಾಗಿಯೇ ಚೀಲ ಸೇರುವುದರಿಂದ ಅದೇ ದಿನ ಅದನ್ನು ಬಿಚ್ಚಿ ಹರಡಬೇಕಾಗುತ್ತದೆ. ಎರಡು ಹಸುವಾದರೂ ಇರುವ ಸಣ್ಣ ಹಿಡುವಳಿಯ ಮನೆಗೆ ಕೈಕೊಯ್ಲೇ ಮೇಲೆಂಬುದು ನನ್ನ ಅಭಿಪ್ರಾಯ. ಯಂತ್ರ ಬಳಸುವವರು ನೇರವಾಗಿ ಎಂಟನೆಯ ಹಂತಕ್ಕೆ ಹೋಗಬಹುದು.

3. ಅರಿಯ ಮೇಲೆ ಮಳೆ ಬಂದರೆ

ಮಳೆಯ ಸೂಚನೆ ಕಂಡೊಡನೆ ಎಲ್ಲವನ್ನೂ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕೆಂದು ಅನ್ನಿಸುವುದು ಸಹಜ. ಅರೆಒಣಗಿದ ಪೈರಿಗೆ ಅದೇ ಹೆಚ್ಚು ಹಾನಿಕರ. ಒಂದೆರಡು ತಾಸಿನ ಮಳೆಯಾದರೆ ಅರಿಯನ್ನು ಹಾಗೆಯೇ ಬಿಡಿ. ಮರುದಿನ ಬಿಸಿಲು ಬಂದ ಮೇಲೆ ತಿರುವಿಹಾಕಿದರೆ ಒಣಗುತ್ತದೆ. ಎರಡು ದಿನಕ್ಕಿಂತ ಹೆಚ್ಚು ಸೋನೆ ಹಿಡಿಯುವಂತಿದ್ದರೆ ಎಂಟು ಹತ್ತು ಹಿಡಿಗಳನ್ನು ಸೇರಿಸಿ, ತೆನೆಯ ಕೆಳಗೆ ಸಡಿಲವಾಗಿ ಕಟ್ಟಿ, ಬುಡವನ್ನು ಅಗಲಿಸಿ ತೆನೆ ಮೇಲಾಗಿ ಹೊಲದಲ್ಲೇ ನಿಲ್ಲಿಸಿ. ಇದರಿಂದ ತೆನೆ ಮಣ್ಣಿಗೆ ತಾಗುವುದಿಲ್ಲ, ನೀರು ದಂಟಿನಗುಂಟ ಇಳಿದುಹೋಗುತ್ತದೆ. ಹೊಲದಲ್ಲಿ ನೀರು ನಿಲ್ಲುತ್ತಿದ್ದರೆ ಬದುವಿನ ಪಕ್ಕ ಕಾಲುವೆ ಬಿಡಿಸಿ ಹರಿಸಿ.

ಮೊಳಕೆಯೊಡೆದ ತೆನೆಗಳನ್ನು ಬೇರೆಯಾಗಿಯೇ ಇಡಿ. ಅವು ಬೀಜಕ್ಕೆ ಬರುವುದಿಲ್ಲ, ಒಳ್ಳೆಯ ಕಾಳಿನೊಂದಿಗೆ ಬೆರೆತರೆ ಇಡೀ ರಾಶಿಯ ಬೆಲೆ ಇಳಿಯುತ್ತದೆ. ಬೂಷ್ಟು ಹಿಡಿದು ವಾಸನೆ ಬರುವ ಕಾಳನ್ನು ಜನರಿಗೂ ದನಗಳಿಗೂ ಕೊಡಬಾರದು; ತಿಪ್ಪೆಗೆ ಹಾಕಿಬಿಡಿ.

4. ಸಿವುಡು ಕಟ್ಟಿ ಸಾಗಿಸುವುದು

ಒಣಗಿದ ಅರಿಗಳನ್ನು ಒಟ್ಟುಗೂಡಿಸಿ ಒಬ್ಬರು ಸುಲಭವಾಗಿ ಎತ್ತುವಷ್ಟು ಗಾತ್ರಕ್ಕೆ ಕಟ್ಟಿದ ಕಟ್ಟಿಗೆ ‘ಸಿವುಡು’ ಎನ್ನುತ್ತಾರೆ. ಸಿವುಡನ್ನು ಬೆಳಗಿನ ತಂಪಿನಲ್ಲಿ ಕಟ್ಟಬೇಕು. ಆಗ ದಂಟು ಮೆತ್ತಗಿರುತ್ತದೆ, ತೆನೆಯಿಂದ ಕಾಳು ಉದುರುವುದಿಲ್ಲ, ರಾಗಿಯ ದಂಟನ್ನೇ ತಿರುಚಿ ಕಟ್ಟಲು ಬರುತ್ತದೆ. ಆದರೆ ಕಟ್ಟಿದ ಕೂಡಲೇ ಸಾಗಿಸಿ ಮೆದೆಗೆ ಹಾಕಬಾರದು. ಇಬ್ಬನಿಯ ತೇವ ಸಿವುಡಿನೊಳಗೆ ಇರುತ್ತದೆ, ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ನಿಲ್ಲಿಸಿ ಆಮೇಲೆ ಸಾಗಿಸಿ. ಗಾಡಿ ಅಥವಾ ಟ್ರಾಲಿಯ ತಳಕ್ಕೆ ಟಾರ್ಪಾಲು ಹಾಸಿದರೆ ದಾರಿಯಲ್ಲಿ ಉದುರಿದ ಕಾಳೂ ಮನೆ ಸೇರುತ್ತದೆ.

5. ಮೆದೆ ಹಾಕುವುದು

ತೆನೆಸಹಿತವಾದ ಸಿವುಡುಗಳನ್ನು ಒಪ್ಪವಾಗಿ ಪೇರಿಸಿಟ್ಟದ್ದನ್ನು ಈ ಲೇಖನದಲ್ಲಿ ‘ಮೆದೆ’ ಎಂದೂ, ಒಕ್ಕಣೆಯಾದ ಮೇಲೆ ಬರಿ ಹುಲ್ಲನ್ನು ಪೇರಿಸಿಟ್ಟದ್ದನ್ನು ‘ಬಣವೆ’ ಎಂದೂ ಕರೆದಿದ್ದೇನೆ. ರಾಗಿಯನ್ನು ಕೊಯ್ದ ಕೂಡಲೇ ಒಕ್ಕದೆ ಒಂದೆರಡು ತಿಂಗಳು ಮೆದೆಯಲ್ಲಿಡುವುದರಿಂದ ತೆನೆಯ ತೊಟ್ಟು ಒಣಗಿ ಬಿರುಸಾಗುತ್ತದೆ, ಒಕ್ಕುವಾಗ ಕಾಳು ಸುಲಭವಾಗಿ ಬಿಡುತ್ತದೆ. ಅಷ್ಟರಲ್ಲಿ ಹಿಂಗಾರಿನ ಭಯವೂ ಕಳೆದಿರುತ್ತದೆ. ಅನೇಕ ಊರುಗಳಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ಒಕ್ಕಣೆ ಮಾಡುವುದಕ್ಕೆ ಇದೇ ಕಾರಣ.

ಇಡೀ ಕೆಲಸದಲ್ಲಿ ಹೆಚ್ಚು ಕೌಶಲ ಬೇಡುವುದು ಈ ಹಂತವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲಿಗೆ ಜಾಗ: ಸುತ್ತಲಿಗಿಂತ ಎತ್ತರದ, ನೀರು ಹರಿದುಹೋಗುವ ನೆಲ ಬೇಕು. ವಿದ್ಯುತ್ ತಂತಿಯ ಕೆಳಗೆ, ಬಚ್ಚಲ ಒಲೆಯ ಹೊಗೆಗೂಡಿನ ಬಳಿ, ಜನ ಬೀಡಿ ಸೇದಲು ನಿಲ್ಲುವ ದಾರಿಯ ಪಕ್ಕದಲ್ಲಿ ಮೆದೆ ಹಾಕಬೇಡಿ. ನೆಲದ ಮೇಲೆ ಕಲ್ಲುಗಳನ್ನಿಟ್ಟು, ಅವುಗಳ ಮೇಲೆ ಮರದ ದಿಮ್ಮಿ ಅಡ್ಡಹಾಕಿ, ಅದರ ಮೇಲೆ ಒಣಗಿದ ತೊಗರಿ ಕಡ್ಡಿ ಅಥವಾ ಜೋಳದ ದಂಟನ್ನು ದಪ್ಪಗೆ ಹರಡಿ. ನೆಲದ ತೇವ ಮೇಲೇರದಿರಲು, ಗೆದ್ದಲು ಹಿಡಿಯದಿರಲು ಈ ಅಟ್ಟಣೆ ಅಗತ್ಯ. ಬರಿ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮೆದೆ ಹಾಕುವವರಿದ್ದಾರೆ. ಮೇಲಿನಿಂದ ಇಳಿದ ನೀರು ಹಾಳೆಯ ಮೇಲೆಯೇ ನಿಂತು ತಳದ ಸಾಲು ಪೂರ್ತಿ ಕೊಳೆಯುತ್ತದೆ.

ಸಿವುಡುಗಳನ್ನು ಜೋಡಿಸುವಾಗ ತೆನೆ ಒಳಗೆ, ಬುಡ ಹೊರಗೆ ಬರಬೇಕು. ಹಕ್ಕಿಗಳಿಗೆ ತೆನೆ ಸಿಗಬಾರದು, ಮಳೆಹನಿ ತೆನೆಗೆ ತಾಗಬಾರದು ಎಂಬುದು ಇದರ ಉದ್ದೇಶ. ಇನ್ನೊಂದು ನಿಯಮ ಇದಕ್ಕಿಂತಲೂ ಮುಖ್ಯ, ಆದರೆ ಹೆಚ್ಚಾಗಿ ಮರೆಯುವುದೂ ಅದನ್ನೇ: ಮೆದೆಯ ನಡುಭಾಗ ಯಾವಾಗಲೂ ಅಂಚಿಗಿಂತ ಎತ್ತರವಿರಬೇಕು. ಪ್ರತಿ ಸುತ್ತಿನಲ್ಲೂ ನಡುವೆ ಒಂದೆರಡು ಸಿವುಡು ಹೆಚ್ಚು ಹಾಕುತ್ತ ಹೋದರೆ ಹೊರಗಿನ ಸಿವುಡುಗಳು ಹೊರಮುಖವಾಗಿ ಇಳಿಜಾರಾಗುತ್ತವೆ, ಮಾಡಿನ ಹೆಂಚುಗಳಂತೆ ನೀರನ್ನು ಹೊರಕ್ಕೆ ಇಳಿಸುತ್ತವೆ. ನಡುಭಾಗ ತಗ್ಗಾದರೆ ಅದೇ ದಂಟು ನೀರನ್ನು ಒಳಗಿನ ತೆನೆಯವರೆಗೆ ಒಯ್ಯುತ್ತದೆ. ಮೇಲಿನಿಂದ ಎಷ್ಟು ಟಾರ್ಪಾಲು ಹೊದಿಸಿದರೂ ಈ ತಪ್ಪು ಸರಿಹೋಗುವುದಿಲ್ಲ. ಆಳೆತ್ತರಕ್ಕೆ ಬಂದ ಮೇಲೆ ಸುತ್ತಳತೆಯನ್ನು ಕಿರಿದಾಗಿಸುತ್ತ ಗೋಪುರದಾಕಾರಕ್ಕೆ ತನ್ನಿ, ತುದಿಗೆ ಹಳೆಯ ಹುಲ್ಲನ್ನು ದಪ್ಪಗೆ ಹೊದಿಸಿ, ಹಗ್ಗ ಹಾಯಿಸಿ, ಎರಡೂ ತುದಿಗೆ ಕಲ್ಲು ಕಟ್ಟಿ ಇಳಿಬಿಡಿ. ಟಾರ್ಪಾಲು ಹಾಕುವುದಾದರೆ ತುದಿಗೆ ಮಾತ್ರ ಹಾಕಿ. ಬದಿಗಳನ್ನು ಸುತ್ತಿ ಮುಚ್ಚಿದರೆ ಒಳಗಿನ ಹಬೆ ಹೊರಬರಲಾರದು.

ಮೆದೆ ಹಾಕಿದ ಮೂರನೆಯ ಅಥವಾ ನಾಲ್ಕನೆಯ ದಿನ ಎರಡು ಮೂರು ಕಡೆ ಸಿವುಡುಗಳ ನಡುವೆ ಮೊಣಕೈವರೆಗೆ ಕೈ ತೂರಿಸಿ ನೋಡಿ. ತುಸು ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಹಿಡಿದಿಡಲಾಗದಷ್ಟು ಬಿಸಿಯಿದ್ದರೆ, ಅಥವಾ ಹೊರತೆಗೆದ ಬೆರಳುಗಳಿಗೆ ಪಸೆಯಂಟಿ ಹುಳಿ ಬೂಷ್ಟಿನ ವಾಸನೆ ಬಂದರೆ, ಅದೇ ದಿನ ಮೆದೆ ಬಿಚ್ಚಿ ಒಣಗಿಸಬೇಕು. ಕೆಲಸ ಎರಡಾಯಿತಲ್ಲ ಎಂದು ಹಿಂಜರಿಯಬೇಡಿ. ಹೀಗೆ ಕಾವೇರಿದ ಮೆದೆಯಲ್ಲಿ ಮೊದಲು ಕಾಳು ಕಪ್ಪಾಗುತ್ತದೆ, ಆಮೇಲೆ ಹುಲ್ಲನ್ನು ದನವೂ ಮುಟ್ಟುವುದಿಲ್ಲ. ಇನ್ನೂ ನಾಲ್ಕೈದು ದಿನ ಬಿಟ್ಟು ಮತ್ತೊಮ್ಮೆ ಇದೇ ರೀತಿ ನೋಡಿ.

6. ಕಣ ಸಿದ್ಧಪಡಿಸುವುದು

ಒಕ್ಕಣೆಗೆ ಒಂದು ವಾರ ಮೊದಲೇ ಕಣದ ಕೆಲಸ ಆರಂಭವಾಗಬೇಕು. ಗಾಳಿಗೆ ಮರ, ಗೋಡೆಗಳ ಅಡ್ಡವಿಲ್ಲದ ಗಟ್ಟಿನೆಲವನ್ನು ಆರಿಸಿ, ಹುಲ್ಲು ಕೆತ್ತಿ, ಕಲ್ಲು ಆಯ್ದು, ಒಂದು ಬದಿಗೆ ತುಸು ಇಳಿಜಾರು ಬರುವಂತೆ ಮಟ್ಟ ಮಾಡಿ. ನೀರು ಚಿಮುಕಿಸಿ ಒಂದು ರಾತ್ರಿ ಬಿಟ್ಟು, ಮರುದಿನ ಮಣ್ಣು ಕಾಲಿಗೆ ಅಂಟದ ಹದದಲ್ಲಿರುವಾಗ ರೋಣಗಲ್ಲನ್ನು ಉರುಳಿಸಿ. ರೋಣಗಲ್ಲು ಎಂದರೆ ಒಕ್ಕಣೆಗೆ ಬಳಸುವ ಉರುಳುಗಲ್ಲು. ಕೆಲವೆಡೆ ಇದಕ್ಕೆ ಗುಂಡು ಎಂದೂ ಹೇಳುತ್ತಾರೆ. ಬಿರುಕುಗಳಿಗೆ ಜೇಡಿಮಣ್ಣು ತುಂಬಿ, ಸಗಣಿ ಬಗ್ಗಡದಿಂದ ಸಾರಿಸಿ, ಒಣಗಿದ ಮೇಲೆ ಇನ್ನೊಮ್ಮೆ ಸಾರಿಸಿ. ರಾಗಿ ಸಣ್ಣ ಕಾಳಾದ್ದರಿಂದ ಕೂದಲೆಳೆಯ ಬಿರುಕಿನಲ್ಲೂ ಇಳಿದುಹೋಗುತ್ತದೆ, ಮಣ್ಣು ಬೆರೆತರೆ ಬೇರ್ಪಡಿಸುವುದು ಕಷ್ಟ. ಎರಡನೆಯ ಸಾರಣೆಯನ್ನು ಬಿಡಬೇಡಿ. ಎತ್ತುಗಳಿಂದ ಒಕ್ಕುವವರು ನಡುವೆ ಮೇಟಿ, ಅಂದರೆ ಎತ್ತುಗಳು ಸುತ್ತುವ ನಡುಗಂಬ, ನೆಡಬೇಕು. ಸಿಮೆಂಟು ಕಣವಿದ್ದರೆ ಗುಡಿಸಿ ತೊಳೆದು ಒಣಗಿಸಿದರೆ ಸಾಕು.

ಕಣವಿಲ್ಲವೆಂದು ಡಾಂಬರು ರಸ್ತೆಯ ಮೇಲೆ ಪೈರು ಹರಡಿ ವಾಹನಗಳಿಂದ ತುಳಿಸುವ ರೂಢಿಯನ್ನು ದಯವಿಟ್ಟು ಕೈಬಿಡಿ. ಹುಲ್ಲಿನ ಮೇಲೆ ಬ್ರೇಕು ಹಾಕಿದ ಬೈಕು ಜಾರಿ ಬೀಳುತ್ತದೆ. ಕಾರಿನ ತಳಕ್ಕೆ ಹುಲ್ಲು ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಬೆಂಕಿ ಹೊತ್ತಿ, ವಾಹನವೇ ಸುಟ್ಟುಹೋದ ಘಟನೆಗಳು ನಮ್ಮ ರಾಜ್ಯದಲ್ಲಿ ನಡೆದಿವೆ. ಕಾಳಿಗೆ ಟಾರಿನ ಹರಳು, ಎಣ್ಣೆ ಬೆರೆಯುವುದು ಬೇರೆ. ಊರಿನ ನಾಲ್ಕು ಮನೆಯವರು ಸೇರಿ ಒಂದು ಕಣ ಮಾಡಿಕೊಂಡರೆ ಸರದಿಯ ಮೇಲೆ ಎಲ್ಲರ ಒಕ್ಕಣೆಯೂ ಮುಗಿಯುತ್ತದೆ.

7. ಒಕ್ಕಣೆ

ಇಬ್ಬನಿ ಪೂರ್ತಿ ಆರುವ ಮೊದಲು ಮೆದೆ ಬಿಚ್ಚಬೇಡಿ. ಸಿವುಡುಗಳ ಕಟ್ಟು ಬಿಚ್ಚಿ, ಕಣದಲ್ಲಿ ಸುಮಾರು ಒಂದು ಅಡಿ ದಪ್ಪಕ್ಕೆ ವೃತ್ತಾಕಾರವಾಗಿ ಹರಡಿ, ಎರಡು ತಾಸು ಬಿಸಿಲು ಕಾಯಿಸಿ. ತೆನೆಯನ್ನು ಹಿಸುಕಿದರೆ ಚರಚರ ಸದ್ದು ಬರುವಾಗ ರೋಣಗಲ್ಲು ಅಥವಾ ಟ್ರ್ಯಾಕ್ಟರ್ ಓಡಿಸಿ. ನಡುನಡುವೆ ಕವೆಗೋಲಿನಿಂದ ಅಡಿಮೇಲು ಮಾಡುತ್ತ, ಕಾಳು ಬಿಟ್ಟ ಹುಲ್ಲನ್ನು ಕೊಡವಿ ಹೊರಗೆ ಹಾಕುತ್ತ ಬನ್ನಿ. ತೆನೆಯ ಬೆರಳುಗಳಲ್ಲಿ ಕಾಳು ಉಳಿದಿದ್ದರೆ ಅವನ್ನು ಪ್ರತ್ಯೇಕವಾಗಿ ಕೂಡಿಸಿ ಮರುದಿನದ ಹರವಿನೊಂದಿಗೆ ಮತ್ತೆ ಒಕ್ಕಿ.

ಟ್ರ್ಯಾಕ್ಟರ್ ಹಿಂದೆ ಸರಿಯುವಾಗ ಕಣದಲ್ಲಿ ಮಕ್ಕಳು ಇರಕೂಡದು. ಒಕ್ಕಣೆ ಯಂತ್ರ ಬಳಸುವವರು ಸೀರೆಯ ಸೆರಗು, ತಲೆವಸ್ತ್ರ, ಸಡಿಲ ತೋಳುಗಳನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಬಾಯಿಗೆ ಸಿಕ್ಕಿಕೊಂಡ ಹುಲ್ಲನ್ನು ಕೈಯಿಂದ ತಳ್ಳದೆ ಯಂತ್ರ ನಿಲ್ಲಿಸಿಯೇ ಬಿಡಿಸಬೇಕು. ದೂಳು ಹೆಚ್ಚಿರುವುದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಎಲ್ಲರಿಗೂ ಒಳ್ಳೆಯದು, ಉಬ್ಬಸ ಇರುವವರನ್ನು ಈ ಕೆಲಸಕ್ಕೆ ಹಚ್ಚಬೇಡಿ.

8. ತೂರುವುದು, ಒಣಗಿಸುವುದು

ಈ ಕಾಲದಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ಹಿಡಿ ಹೊಟ್ಟು ಎಸೆದು ದಿಕ್ಕು ಖಚಿತಪಡಿಸಿಕೊಂಡು, ಗಾಳಿ ಅಡ್ಡಲಾಗಿ ಹಾಯುವಂತೆ ಎತ್ತರದ ಮಣೆಯ ಮೇಲೆ ನಿಂತು ಮೊರದಿಂದ ಸಣ್ಣ ಧಾರೆಯಾಗಿ ಸುರಿಯಿರಿ. ಕಾಳು ಕಾಲ ಬಳಿ ಬೀಳುತ್ತದೆ; ಜಳ್ಳು, ಅಂದರೆ ತುಂಬದ ಹಗುರ ಕಾಳು, ಸ್ವಲ್ಪ ಆಚೆಗೆ ಬೀಳುತ್ತದೆ; ಹೊಟ್ಟು ದೂರ ಹಾರುತ್ತದೆ. ರಾಶಿಯ ಅಂಚಿಗೆ ಬಂದ ಜಳ್ಳನ್ನು ಇನ್ನೊಬ್ಬರು ಪೊರಕೆಯ ತುದಿಯಿಂದ ಆಗಾಗ ಸರಿಸುತ್ತಿರಬೇಕು. ಗಾಳಿ ನಿಂತರೆ ತೂರುವುದನ್ನೂ ನಿಲ್ಲಿಸಿ.

ತೂರಿದ ಕಾಳನ್ನು ತೆಳುವಾಗಿ ಹರಡಿ ಎರಡು ಮೂರು ಬಿಸಿಲು ಒಣಗಿಸಿ, ಸಂಜೆ ಇಬ್ಬನಿ ಬೀಳುವ ಮೊದಲು ಕೂಡಿಸಿ ಮುಚ್ಚಿ. ಒಣಗಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಭಾಗ ಕಾಳು, ಎರಡು ಚಮಚ ಒಣ ಪುಡಿಯುಪ್ಪು ಹಾಕಿ, ಮುಚ್ಚಿ, ಒಂದೆರಡು ನಿಮಿಷ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಸೀಸೆಯ ಗೋಡೆಗೆ ಅಂಟಿದ್ದರೆ ತೇವಾಂಶ ಶೇ 15ಕ್ಕಿಂತ ಹೆಚ್ಚಿದೆ ಎಂದು ತಿಳಿಯಿರಿ. ಉಪ್ಪು ಅಂಟದಿದ್ದರೂ ಇನ್ನೊಂದು ಬಿಸಿಲು ಕೊಡುವುದು ಒಳಿತು, ಏಕೆಂದರೆ ದೀರ್ಘಕಾಲ ಇಡುವ ರಾಗಿಯ ತೇವಾಂಶ ಶೇ 12ರ ಒಳಗಿರಬೇಕು.

9. ಕಾಳನ್ನು ಇಡುವುದು, ಮಾರುವುದು

ಬಿಸಿಲಿನಿಂದ ತೆಗೆದ ಬಿಸಿ ಕಾಳನ್ನು ಹಾಗೆಯೇ ತುಂಬಬೇಡಿ. ನೆರಳಿನಲ್ಲಿ ತಣಿದ ಮೇಲೆ ಚೀಲಕ್ಕೆ ಹಾಕಿ. ಚೀಲಗಳು ಹಲಗೆಯ ಮೇಲಿರಲಿ, ಗೋಡೆಯಿಂದ ಒಂದು ಅಡಿ ದೂರವಿರಲಿ.

ಹಗೇವು, ಅಂದರೆ ಧಾನ್ಯ ತುಂಬಿಡುವ ನೆಲದೊಳಗಿನ ಕೋಣೆ, ಇನ್ನೂ ಬಳಕೆಯಲ್ಲಿರುವ ಮನೆಗಳಿಗೆ ಒಂದು ಗಂಭೀರ ಎಚ್ಚರಿಕೆ. ಮುಚ್ಚಿದ ಹಗೇವಿನಲ್ಲಿ ಧಾನ್ಯದ ಉಸಿರಾಟದಿಂದ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಕಾಳು ಕೆಡದಿರುವುದಕ್ಕೆ ಅದೂ ಒಂದು ಕಾರಣ, ಆದರೆ ಅದೇ ಗಾಳಿ ಒಳಗಿಳಿದ ಮನುಷ್ಯನ ಪ್ರಾಣ ತೆಗೆಯುತ್ತದೆ. ಬಾಯಿ ತೆರೆದು ಹಲವು ತಾಸು ಗಾಳಿಯಾಡಲು ಬಿಡಿ, ಆಮೇಲೆ ಉರಿಯುವ ದೀಪವನ್ನು ಇಳಿಬಿಟ್ಟು ನೋಡಿ. ದೀಪ ಆರಿದರೆ ಇಳಿಯಲೇಬಾರದು. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದುನಿಂತ ನಂತರವೇ ಇಳಿಯಬೇಕು. ಒಳಗೆ ಒಬ್ಬರು ಕುಸಿದರೆ ಅವರನ್ನು ಎತ್ತಲು ಇನ್ನೊಬ್ಬರು ಹಾಗೆಯೇ ಧುಮುಕಬಾರದು, ಹಗ್ಗದಿಂದ ಎಳೆಯಬೇಕು.

ಮಾರುವವರಿಗೆ: 2025-26ರ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ ಕನಿಷ್ಠ ಬೆಂಬಲ ಬೆಲೆ ನಿಗದಿಪಡಿಸಿದೆ. ಖರೀದಿ ಕೇಂದ್ರದಲ್ಲಿ ನೋಂದಾಯಿಸಲು ‘ಫ್ರೂಟ್ಸ್’ ಗುರುತಿನ ಸಂಖ್ಯೆ ಬೇಕು, ಅಂದರೆ ರೈತರ ಜಮೀನು ಮತ್ತು ಬೆಳೆಯ ವಿವರವಿರುವ ಸರ್ಕಾರಿ ದತ್ತಾಂಶದಲ್ಲಿ ನಿಮ್ಮ ಹೆಸರಿರಬೇಕು. ಅದರಲ್ಲಿ ನಿಮ್ಮ ಸರ್ವೆ ನಂಬರಿನ ಎದುರು ರಾಗಿ ಎಂದೇ ದಾಖಲಾಗಿದೆಯೇ ಎಂಬುದನ್ನು ಪೈರು ಹೊಲದಲ್ಲಿರುವಾಗಲೇ ಪರಿಶೀಲಿಸಿ. ಕೊಯ್ಲಾದ ಮೇಲೆ ತಿದ್ದಿಸುವುದು ಬಹಳ ಕಷ್ಟ.

10. ಹುಲ್ಲಿನ ಬಣವೆ

ಒಕ್ಕಣೆಯ ಹುಲ್ಲನ್ನು ಒಂದು ದಿನ ಹರಡಿ ಒಣಗಿಸಿ ಬಣವೆ ಹಾಕಿ. ಅಟ್ಟಣೆ, ಎತ್ತರದ ನಡುಭಾಗ, ಹೊರಮುಖದ ಇಳಿಜಾರು ಎಲ್ಲವೂ ಮೆದೆಯಂತೆಯೇ. ಒಕ್ಕಿದ ಹುಲ್ಲು ಸಿವುಡಿನಂತೆ ಬಿಗಿಯಾಗಿ ಕೂರದ ಕಾರಣ ಪ್ರತಿ ಸುತ್ತನ್ನೂ ಒಬ್ಬರು ಮೇಲೆ ನಿಂತು ತುಳಿಯುತ್ತ ಬರಬೇಕು. ತುಳಿಯದ ಬಣವೆ ಒಂದೇ ಮಳೆಗೆ ವಾಲುತ್ತದೆ. ದೊಡ್ಡ ಹಸುವೊಂದಕ್ಕೆ ಹಸಿಮೇವಿನ ಜೊತೆಗೆ ದಿನಕ್ಕೆ ಐದಾರು ಕಿಲೋ ಒಣಹುಲ್ಲು ಬೇಕೆಂದು ಹಿಡಿದರೆ, ಜನವರಿಯಿಂದ ಮೇ ಕೊನೆಯವರೆಗೆ ಸುಮಾರು ಏಳುನೂರೈವತ್ತರಿಂದ ಒಂಬೈನೂರು ಕಿಲೋ ಆಗುತ್ತದೆ. ಈ ಲೆಕ್ಕ ಹಾಕದೆ ಸುಗ್ಗಿಯಲ್ಲಿ ಹುಲ್ಲು ಮಾರಿ ಏಪ್ರಿಲ್‌ನಲ್ಲಿ ಹೆಚ್ಚು ಬೆಲೆಗೆ ಕೊಳ್ಳುವವರು ಬಹಳ ಮಂದಿ. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಪುಷ್ಟಿಕರವಾದ ಮೇವು, ನಿಮ್ಮ ದನಗಳಿಗೆ ಸಾಲುವಷ್ಟನ್ನು ಉಳಿಸಿಕೊಂಡೇ ಮಾರಿ.

ಎಲ್ಲ ಹುಲ್ಲನ್ನೂ ಒಂದೇ ಬಣವೆಯಾಗಿ ಹಾಕುವ ಬದಲು ಅಂತರವಿಟ್ಟು ಎರಡು ಹಾಕಿ. ಒಂದಕ್ಕೆ ಬೆಂಕಿ ತಗುಲಿದರೂ ಇನ್ನೊಂದು ಉಳಿಯುತ್ತದೆ. ಸುತ್ತ ಎರಡು ಮಾರು ಅಗಲಕ್ಕೆ ಒಣಹುಲ್ಲು, ಕಸ ಇಲ್ಲದಂತೆ ಕೆತ್ತಿಡಿ. ನೀರು ತುಂಬಿದ ಡ್ರಮ್ಮೊಂದು ಬೇಸಿಗೆ ಮುಗಿಯುವವರೆಗೆ ಅಲ್ಲೇ ಇರಲಿ. ಮೇವು ತೆಗೆಯುವಾಗ ಬುಡದಿಂದ ಸುತ್ತಲೂ ಕೀಳದೆ, ಮಳೆಗಾಳಿ ಹೊಡೆಯದ ಒಂದೇ ಬದಿಯಿಂದ, ಮೇಲಿನಿಂದ ಕೆಳಗೆ ಕತ್ತರಿಸಿದಂತೆ ತೆಗೆಯುತ್ತ ಬನ್ನಿ. ಬೆಳಗಿನ ಕತ್ತಲಲ್ಲಿ ಹುಲ್ಲು ಹಿರಿಯುವ ಮೊದಲು ಕೋಲಿನಿಂದ ಬಣವೆಯ ಬುಡವನ್ನು ಬಡಿದು, ಟಾರ್ಚು ಹಾಕಿ ನೋಡಿ ಕೈಯಿಡಿ.